ಪೌರತ್ವದ ದಿನದ ಕುಂಬಳಕಾಯಿ

ಬೆಳಿಗ್ಗೆ ತೆಕ್ಲಾ ಅಜ್ಜಿ ಎರ್ನಾನನ ಬಾಗಿಲು ಬಡಿದು, ಮಗುವಿನಷ್ಟು ತೂಕದ ಕುಂಬಳಕಾಯಿಯೊಂದನ್ನು ಚೀಲದ ಸಮೇತ ಅವನ ಕೈಗಿತ್ತದ್ದೇ ಎಲ್ಲ ರಾದ್ಧಾಂತಕ್ಕೆ ಮೂಲ.

"ಔಷಧಿ ಅಂಗಡಿ ಸೊಲೊಮಿಯಾ ಇದಾಳಲ್ಲ, ಅವಳಮ್ಮನಿಗೆ ತಲುಪಿಸಿಬಿಡು ಮಗಾ. ಗಂಜಿ ಮಾಡೋಕೆ ಬೇಕಂತೆ. ಆದ್ರೆ ನೋಡು, ದಾರೀಲಿ ಚೀಲದಿಂದ ಹೊರಗೆ ಮಾತ್ರ ತೆಗೀಬೇಡ."

ಯಾಕೆ ಎಂದು ಎರ್ನಾನ್ ಕೇಳಲಿಲ್ಲ. ಸೊಲೊಮಿಯಾ ಎಂಬ ಹೆಸರು ಬಿದ್ದ ಮೇಲೆ ಉಳಿದ ಮಾತು ಅವನ ಕಿವಿಗೆ ಹೋಗಿರಲೂ ಇಲ್ಲ.

ಕೊಲಂಬಿಯಾದ ಈ ಕುಳ್ಳ ಮನುಷ್ಯ ಸ್ವಯಂಸೇವಕನಾಗಿ ಬಂದು, ನಮ್ಮ ಉಕ್ರೇನಿನ ಯುದ್ಧರಂಗದಲ್ಲಿ ಎರಡು ವರ್ಷ ಗಾಯಾಳುಗಳ ವ್ಯಾನು ಓಡಿಸಿದವನು. ಪಕ್ಕದಲ್ಲೇ ಶೆಲ್ ಸಿಡಿದು ಅವನ ಎಡಗಿವಿ ಹೋಯಿತು. ವ್ಯಾನಿನಲ್ಲಿದ್ದ ನಾಲ್ಕು ಜನ ಉಳಿದರು. ಅವರಲ್ಲೊಬ್ಬ ನಮ್ಮ ವೆರ್ಬಿವ್ಕಾದವನೇ, ತೆಕ್ಲಾ ಅಜ್ಜಿಯ ಮೊಮ್ಮಗ. ಅಂದಿನಿಂದ ಎರ್ನಾನನನ್ನು ಊರಿಗೆ ಊರೇ ದತ್ತು ತೆಗೆದುಕೊಂಡಿತು. ನಮಗಾಗಿ ಹೋರಾಡಿದ ಪರದೇಶದವರಿಗೆ ಪೌರತ್ವ ಸಿಗುತ್ತದೆ ಎಂದು ಗೊತ್ತಾದಾಗ ನಿವೃತ್ತ ವ್ಯಾಕರಣ ಮೇಷ್ಟ್ರು ಒಮೆಲ್ಯಾನ್ ತಾವೇ ಅರ್ಜಿ ತುಂಬಿದರು, ಭಾಷಾ ಪರೀಕ್ಷೆಗೂ ತಯಾರು ಮಾಡಿದರು. ನಮ್ಮ ವಿಭಕ್ತಿಗಳು ಅವನಿಗೆ ಶೆಲ್ಲಿಗಿಂತ ಕಷ್ಟವಾದವು. ಪರೀಕ್ಷೆಯೇನೋ ಪಾಸಾಯಿತು, ಆದರೆ 'ಗೆ' ಅನ್ನಬೇಕಾದಲ್ಲಿ 'ಇಂದ', 'ಇಂದ' ಅನ್ನಬೇಕಾದಲ್ಲಿ 'ಗೆ' ಬರುವುದು ಮಾತ್ರ ನಿಲ್ಲಲಿಲ್ಲ.

ಪೌರತ್ವ ಬೇಕು ಎನ್ನಲು ಅವನಿಗೆ ಎರಡು ಕಾರಣವಿತ್ತು. ಈ ಊರು ನನ್ನದು ಅನ್ನಿಸಿದೆ ಎಂದು ಅರ್ಜಿಯಲ್ಲಿ ಬರೆದದ್ದು ಒಂದು. ಬರೆಯದೆ ಬಿಟ್ಟದ್ದು ಸೊಲೊಮಿಯಾ. ಕಿವಿಗೆ ಔಷಧಿ ಕೊಟ್ಟ ಆ ಹುಡುಗಿಯನ್ನು ಒಂದೇ ವರ್ಷದಲ್ಲಿ ಮೂರು ಸಲ "ನನ್ನ ಮದುವೆ ಆಗ್ತೀರಾ?" ಎಂದು ಕೇಳಿದ್ದ. ಮೂರು ಸಲವೂ ಅವಳು ತಲೆ ತಗ್ಗಿಸಿ, "ಮೊದಲು ನಿಮ್ಮ ಕಾಗದ ಬರಲಿ, ಆಮೇಲೆ ನೋಡೋಣ" ಎಂದಿದ್ದಳು. ಇವತ್ತು ಹನ್ನೊಂದು ಗಂಟೆಗೆ ಪ್ರತಿಜ್ಞೆ ಓದಿದರೆ ಕಾಗದ ಕೈಗೆ ಬರುವುದಿತ್ತು.

ಮೇಷ್ಟ್ರ ಕಸೂತಿ ಅಂಗಿ ತೊಟ್ಟು ಹೊರಟ. ಮೊಣಕಾಲು ಮುಟ್ಟುತ್ತಿತ್ತು, ಆದರೂ ಮದುಮಗನ ಕಳೆ. ಬಹಳ ಹೊತ್ತು ಕಾದರೂ ಔಷಧಿ ಅಂಗಡಿ ತೆರೆಯಲಿಲ್ಲ. ಕಾಯಿ ಹೊತ್ತುಕೊಂಡೇ ಆಫೀಸಿನ ದಾರಿ ಹಿಡಿದ. ಬ್ರೆಡ್ಡಿನ ಅಂಗಡಿಯ ಮುಂದೆ ಚೀಲದ ಹಿಡಿ ಕಿತ್ತುಹೋಗಿ, ತಳವೂ ಹರಿಯಿತು. ಎರ್ನಾನ್ ಕುಂಬಳಕಾಯಿಯನ್ನು ಎದೆಗವಚಿಕೊಂಡು ನಡೆದ.

ಎಡಗಡೆಯಿಂದ ಒಮೆಲ್ಯಾನ್ ಮೇಷ್ಟ್ರು ಓಡೋಡಿ ಬಂದರು. "ಅಯ್ಯೋ, ಏನಯ್ಯಾ ಇದು? ಎಲ್ಲಿಂದ ಬರ್ತಿದೀಯ?"

ಅವನಿಗೆ 'ಎಲ್ಲಿಗೆ' ಎಂದು ಕೇಳಿಸಿತು. "ಆಫೀಸಿಂದ ಮೇಷ್ಟ್ರೇ! ಪೌರತ್ವದ ಆಫೀಸಿಂದ!" ಎಂದ, ಹಲ್ಲು ಕಿಸಿದು.

ಮೇಷ್ಟ್ರ ಮುಖ ಬಿಳಿಚಿತು. ನಮ್ಮ ಕಡೆ ಹೆಣ್ಣು ಕೇಳಲು ಬಂದವನನ್ನು ಒಲ್ಲೆ ಎನ್ನಲು ಬಾಯಿ ಖರ್ಚು ಮಾಡುವುದಿಲ್ಲ, ಕೈಗೊಂದು ಕುಂಬಳಕಾಯಿ ಇಟ್ಟು ಕಳಿಸುತ್ತೇವೆ. ಹೀಗಾಗಿ ಕೆಲಸ ಕೇಳಲಿ, ಸಾಲ ಕೇಳಲಿ, ಇಲ್ಲ ಅನ್ನಿಸಿಕೊಂಡವನಿಗೆ 'ಕುಂಬಳಕಾಯಿ ಸಿಕ್ತು' ಅನ್ನುವುದು ನಮ್ಮ ರೂಢಿ.

"ಕೇಳಿದ್ರಾ ಎಲ್ರೂ!" ಮೇಷ್ಟ್ರು ಬೀದಿಯ ನಡುವೆ ಕೂಗಿದರು. "ನಮ್ಮ ಹುಡುಗರನ್ನ ಸಾವಿನ ಬಾಯಿಂದ ತಂದವನಿಗೆ ಪೌರತ್ವ ಇಲ್ವಂತೆ! ಮೇಲಿಂದ ಕುಂಬಳಕಾಯಿ ಬೇರೆ ಕೊಟ್ಟು ಅಣಕಿಸಿದಾರೆ!"

"ಯಾರ್ರೀ ಕೊಟ್ಟಿದ್ದು? ಅವರ ತಲೆ ಮೇಲೇ ಒಡೀತೀನಿ!" ಎಂದು ಬ್ರೆಡ್ಡಿನಂಗಡಿಯವಳು ಹಿಟ್ಟಿನ ಕೈಯಲ್ಲೇ ಹೊರಬಂದಳು. ಕ್ಷೌರದಂಗಡಿಯಿಂದ ಒಬ್ಬ ಅರ್ಧ ಗಡ್ಡದಲ್ಲೇ ಎದ್ದು ಬಂದ. "ಇಲ್ಲ, ಇಲ್ಲ, ಇದು ಗಂಜಿ…" ಎಂದು ಎರ್ನಾನ್ ತೊದಲಿದ. "ಪಾಪ, ಊಟಾನೂ ಮಾಡಿಲ್ಲ" ಎಂದು ಯಾರೋ ಬೆನ್ನು ಸವರಿದರು. ಮೂವತ್ತು ಜನ ಅವನನ್ನು ನಡುವೆ ಹಾಕಿಕೊಂಡು ಆಫೀಸಿಗೆ ನುಗ್ಗಿದರು.

ಕಾಗದ ಜೋಡಿಸುತ್ತಿದ್ದ ಅಧಿಕಾರಿಣಿ ಬೆಚ್ಚಿ ಎದ್ದು ನಿಂತರು.

"ಇವನಿಗಿಲ್ಲದ ಪೌರತ್ವ ನಮಗೂ ಬೇಡ! ತಗೊಳ್ಳಿ, ನನ್ನದನ್ನೇ ಇವನಿಗೆ ಬರೆದುಕೊಡಿ!" ಎಂದು ಮೇಷ್ಟ್ರು ತಮ್ಮ ಪಾಸ್‌ಪೋರ್ಟನ್ನು ಮೇಜಿನ ಮೇಲೆ ಕುಕ್ಕಿದರು.

"ಯಾರು ಇಲ್ಲ ಅಂದ್ರು ಸ್ವಾಮಿ? ಹನ್ನೊಂದಕ್ಕೆ ಬನ್ನಿ ಅಂತ ನಾವೇ ಕರೆಸಿದೀವಿ. ಅವರೇ ಹತ್ತು ನಿಮಿಷ ತಡ!"

ಮೇಷ್ಟ್ರು ಮೆಲ್ಲಗೆ ಪಾಸ್‌ಪೋರ್ಟನ್ನು ಜೇಬಿಗೆ ಸೇರಿಸಿದರು.

ಎರ್ನಾನ್ ಕುಂಬಳಕಾಯಿಯನ್ನು ಕೆಳಗಿಟ್ಟು ಪ್ರತಿಜ್ಞೆ ಓದಿದ. ಒಂದು ವಿಭಕ್ತಿಯೂ ತಪ್ಪಲಿಲ್ಲ. ಕೊನೆಯ ಸಾಲಿಗೆ ಅರ್ಧ ಗಡ್ಡದವನು ಅತ್ತೇಬಿಟ್ಟ. ನಂತರ ಎಲ್ಲರೂ ಎದೆಯ ಮೇಲೆ ಕೈಯಿಟ್ಟು ರಾಷ್ಟ್ರಗೀತೆ ಹಾಡಿದರು. ಎಲ್ಲೋ ಹುಟ್ಟಿದವನೊಬ್ಬ ನಮ್ಮ ಮಣ್ಣನ್ನು ತನ್ನದೆಂದು ಆರಿಸಿಕೊಂಡಿದ್ದ. ಅದಕ್ಕಿಂತ ದೊಡ್ಡ ಹೆಮ್ಮೆ ನಮ್ಮ ಪುಟ್ಟ ವೆರ್ಬಿವ್ಕಾಕ್ಕೆ ಇನ್ನೇನಿದೆ?

ಸಮಸ್ಯೆಯೆಂದರೆ ಆ ಹೆಮ್ಮೆಯಲ್ಲಿ ಯಾರೂ ಮನೆಗೆ ಹೋಗಲಿಲ್ಲ. ಒಂದು ಕೈಯಲ್ಲಿ ಕಾಗದ, ಇನ್ನೊಂದು ತೋಳಲ್ಲಿ ಕುಂಬಳಕಾಯಿ ಹಿಡಿದು ಎರ್ನಾನ್ ಔಷಧಿ ಅಂಗಡಿಗೆ ಹೊರಟರೆ ಮೂವತ್ತು ಜನವೂ ಹಿಂದೆಯೇ ಬಂದರು.

ಅವನು ಕುಂಬಳಕಾಯಿಯನ್ನು ಮೇಜಿನ ಮೇಲಿಟ್ಟು ಕಾಗದ ಬಿಡಿಸಿ ಹಿಡಿದ. "ಸೊಲೊಮಿಯಾ, ಬಂತು! ಈಗ ನನ್ನ ಮದುವೆ ಆಗ್ತೀರಾ?"

ಸೊಲೊಮಿಯಾ ಕಾಗದವನ್ನು ಎರಡು ಸಲ ಓದಿದಳು. ಕಣ್ಣು ಒದ್ದೆಯಾಯಿತು. "ನನಗೆಷ್ಟು ಹೆಮ್ಮೆ ಆಗ್ತಿದೆ ಗೊತ್ತಾ?" ಎಂದಳು. ನಂತರ ಕುಂಬಳಕಾಯಿಯನ್ನು ಎರಡೂ ಕೈಯಿಂದ ಎತ್ತಿ ಅವನ ತೋಳಿಗಿಟ್ಟಳು.

"ಇದು ನಿಮ್ಮಮ್ಮನಿಗೆ."

"ಅಲ್ಲ ಎರ್ನಾನ್. ಇದು ನಿಮಗೆ."

ಮೇಷ್ಟ್ರು ಅವನ ಬಲಗಿವಿಗೆ ಬಗ್ಗಿ ನಮ್ಮ ಪದ್ಧತಿಯನ್ನು ಪಿಸುಗುಟ್ಟಿದರು. ಅವನ ಮುಖ ಇಳಿಯಿತು.

"ಮತ್ತೆ ಕಾಗದ ಬರಲಿ, ನೋಡೋಣ ಅಂದಿದ್ರಿ?"

"ನನ್ನ ಮನಸ್ಸು ಬೇರೆ ಕಡೆ ಇದೆ ಎರ್ನಾನ್, ಮೊದಲಿಂದಲೂ. ಆದ್ರೆ ನಮಗೋಸ್ಕರ ಕಿವಿ ಕಳ್ಕೊಂಡ ಅತಿಥಿಗೆ ಯಾವ ಬಾಯಲ್ಲಿ ಇಲ್ಲ ಅನ್ನಲಿ? ಊರು ನನ್ನ ಸುಮ್ನೆ ಬಿಡ್ತಿತ್ತಾ? ಇವತ್ತಿಂದ ನೀವು ನಮ್ಮವರು. ನಮ್ಮವರಿಗಾದ್ರೆ ಕುಂಬಳಕಾಯಿ ಕೊಡಬಹುದು."

ಮೂವತ್ತು ಜನರೂ ಹೌದೆಂದು ತಲೆಯಾಡಿಸಿದರು. ನ್ಯಾಯದ ಮಾತು.

ಅವನು ಮನೆಗೆ ಮರಳಿದಾಗ ಮೆಟ್ಟಿಲ ಮೇಲೆ ತೆಕ್ಲಾ ಅಜ್ಜಿ ಕಾದು ಕೂತಿದ್ದಳು. ಕಾಯಿ ಕಂಡದ್ದೇ ಎದ್ದು ನಿಂತಳು. "ಅಯ್ಯೋ, ವಾಪಸ್ ಬಂತಾ? ಎಲ್ಲಿಂದ ತಂದೆ ಮಗಾ?"

ಎರ್ನಾನ್ ಮೂಗೊರೆಸಿಕೊಂಡು ನೆಟ್ಟಗೆ ನಿಂತ.

"ಔಷಧಿ ಅಂಗಡಿಯಿಂದ, ಅಜ್ಜಿ" ಎಂದ. ಈ ಸಲ 'ಇಂದ' ಸರಿಯಾಗಿತ್ತು.