ಸದ್ದು ತಗ್ಗಿಸಲು ಹೋದ ಅರ್ಜಿ

ನಮ್ಮ ಮನೆತನದಲ್ಲಿ ಬಿ.ಎ. ಪಾಸು ಮಾಡಿದ ಮೊದಲಿಗ ನಾನು. ಊರಿನ ಅರ್ಜಿಗಳನ್ನೆಲ್ಲ ಬರೆಯುವವನೂ ನಾನೇ. ಹಾಗಾಗಿ ಸ್ಕಂದಗಿರಿ ತಪ್ಪಲಿನ ರೆಸಾರ್ಟಿನಲ್ಲಿ ರಾಕ್ ಸಂಗೀತವೆಂದು ಮಧ್ಯಾಹ್ನದಿಂದಲೇ ಸ್ಪೀಕರುಗಳು ಗುಡುಗತೊಡಗಿದಾಗ ಊರು ನನ್ನ ಮುಖ ನೋಡಿತು.

"ಹುಳ ಹಣ್ಣಾಗಿ ಚಂದ್ರಿಕೆ ಏರವೆ. ಈ ಸದ್ದಿಗೆ ಗೂಡು ಕಟ್ಟೋದು ಬಿಟ್ಟು ಉದುರಿಬಿಟ್ರೆ ಏನ್ ಗತಿ?" ಎಂದಳು ಹೆಂಡತಿ ರತ್ನ. ಒಂದು ತಿಂಗಳು ಸೊಪ್ಪು ಹಾಕಿ ಸಾಕಿದ ರೇಷ್ಮೆ ಹುಳು ಮೇವು ಬಿಟ್ಟು, ಗೂಡು ಕಟ್ಟಲೆಂದು ಹೆಣೆದ ಆ ಬಿದಿರಿನ ಚಂದ್ರಿಕೆಗಳ ಮೇಲಿತ್ತು.

"ಬರ್ಕೊಂಡೇ ಹೋಗ್ತೀನಿ. ಓದಿದೋರ ಮಾತಿಗೆ ಬೆಲೆ ಇರುತ್ತೆ" ಎಂದೆ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಪಕ್ಕದ ಮನೆಯ ಮುನಿವೆಂಕಟಪ್ಪ, "ಬರಿಯೋದ್ಯಾಕಪ್ಪ, ನಾನ್ ಹೋಗಿ ವೈರು ಕಿತ್ತಾಕ್ತೀನಿ" ಎಂದ. ಅವನ ಅಜ್ಞಾನಕ್ಕೆ ಮರುಗಿದೆ. 'ಸವಿನಯ ಪ್ರಾರ್ಥನೆ' ಎಂದು ಶುರುಮಾಡಿ, ಹದಿನಾಲ್ಕು ಮನೆಯವರ ಸಹಿ ಹಾಕಿಸಿ, ಇಸ್ತ್ರಿ ಶರ್ಟು ತೊಟ್ಟು ಸಂಜೆ ಹೊರಟೆ.

"ಮ್ಯಾನೇಜರು ಸ್ಟೇಜ್ ಹತ್ರ ಅವ್ರೆ, ಹೋಗಿ ಸಾರ್" ಎಂದ ಗೇಟಿನವನು. ಹೋದೆ. ಅಲ್ಲೇ ಕೆಟ್ಟೆ.

ವೇದಿಕೆಯ ಮೇಲೆ ಒಬ್ಬಳು ಸಣಕಲು ಹುಡುಗಿ. ಬರಿಗಾಲು, ಕೊರಳಲ್ಲಿ ಗಿಟಾರು. ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ಹಾಡುತ್ತಿದ್ದಳು. ಇಂಗ್ಲಿಷು. ಬಿ.ಎ. ಇದ್ದೂ ಒಂದು ಪದ ತಿಳಿಯಲಿಲ್ಲ. ಆದರೆ ಅವಳು ಏನನ್ನೋ ಕೇಳುತ್ತಿದ್ದಾಳೆ, ಕೊಡುವವರೆಗೆ ಬಿಡುವುದಿಲ್ಲ ಎಂಬುದು ತಿಳಿಯಿತು. ಹಾಸ್ಟೆಲ್ ಸೀಟಿಗೆ, ಸ್ಕಾಲರ್‌ಶಿಪ್ಪಿಗೆ, ಊರಿನ ನಲ್ಲಿಗೆ, ಎಲ್ಲದಕ್ಕೂ ನಾನು 'ಸವಿನಯ' ಎಂದೇ ಬರೆದವನು. ಹೀಗೂ ಕೇಳಬಹುದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕನ್ನಡಕ ಒದ್ದೆಯಾಯಿತು.

ಹಾಡು ನಿಂತಾಗ ಯಾರೋ "ಒನ್ಸ್ ಮೋರ್!" ಎಂದು ಕಿರುಚಿದರು. ಎಲ್ಲರೂ ನನ್ನತ್ತ ತಿರುಗಿದ್ದರಿಂದ, ಕಿರುಚಿದವನು ನಾನೇ ಎಂದು ಗೊತ್ತಾಯಿತು. ಅವಳು ನಕ್ಕು, ಸೌಂಡಿನವನಿಗೆ ಸನ್ನೆ ಮಾಡಿ, ಇನ್ನೂ ಜೋರಾಗಿ ಹಾಡಿದಳು. ಕೆಳಗಿಳಿದು ಬಂದಾಗ, ಕೈಲಿದ್ದ ಒಂದೇ ಕಾಗದವನ್ನು ಅವಳ ಮುಂದೆ ಚಾಚಿದೆ. ಸಹಿ ಹಾಕಿ ಕೊಟ್ಟಳು.

ಮನೆಯ ಜಗಲಿಯ ಮೇಲೆ ಊರೇ ಕೂತಿತ್ತು.

"ಕೊನೇ ಹಾಡು ಎರಡು ಸಲ ಬಂತು. ಎರಡನೇ ಸಲಕ್ಕೆ ಪಾತ್ರೆಗಳೆಲ್ಲ ಅದುರಿದ್ವು. ಯಾವ್ ಪುಣ್ಯಾತ್ಮ ಕೇಳಿದ್ನೋ" ಎಂದಳು ರತ್ನ.

ನಾನು ನೇರ ಹುಳುಮನೆಗೆ ನುಗ್ಗಿದೆ. ಹುಳುಗಳು ಯಾವ ಸಂಗೀತಕ್ಕೂ ತಲೆ ಕೆಡಿಸಿಕೊಳ್ಳದೆ ಗೂಡು ಕಟ್ಟುತ್ತಿದ್ದವು. ಆ ಸದ್ದಿಗೆ ಉದುರಿಬಿದ್ದವನು ನಾನೊಬ್ಬನೇ.

ಹೊರಗೆ ಮುನಿವೆಂಕಟಪ್ಪ ನನ್ನಿಂದ ಅರ್ಜಿ ಇಸಕೊಂಡು ಸಹಿಗಳನ್ನು ಎಣಿಸಿದ. "ಹದಿನೈದನೇದು ಯಾರ್ದಪ್ಪ?"

"ಹಾಡಿದೋರ್ದು."

"ಸದ್ದು ಜಾಸ್ತಿ ಅಂತ ಅವ್ರೂ ಒಪ್ಪವ್ರೆ ಅನ್ನು."

ಊರಿನ ಅರ್ಜಿಗಳನ್ನು ಈಗಲೂ ನಾನೇ ಬರೆಯುತ್ತೇನೆ. ತೆಗೆದುಕೊಂಡು ಹೋಗುವವನು ಮುನಿವೆಂಕಟಪ್ಪ.