ಅತ್ತೆಯ ನಡಿಗೆ, ಎಂಟು ಚಿತ್ರಗಳಲ್ಲಿ

"ನನ್ನ ಆಟದಲ್ಲಿ ಎರವಲು ಗೊಂಬೆಗಳಿಗೆ ಪ್ರವೇಶವಿಲ್ಲ" ಎಂದು ಮಾರ್ಚ್ ತಿಂಗಳ ಒಂದು ಭಾನುವಾರ, ತಿಂಡಿಯ ಮೇಜಿನ ಮುಂದೆ ನಾನು ಘೋಷಿಸಿದೆ. "ಅಡಿಯಿಂದ ಮುಡಿಯವರೆಗೆ ಒಂದೊಂದು ಗೆರೆಯೂ ನನ್ನ ಕೈಯದೇ!"

ಹೆಂಡತಿ ಲಿಸ್ಬೆತ್ ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. "ಹೋದ ಸಲ ನೀನು ಹಸು ಬರೆದಿದ್ದೆ. ಪಕ್ಕದ ಮನೆಯವರು ಅದನ್ನ ಸೋಫಾ ಅಂದ್ಕೊಂಡ್ರು" ಅಂದಳು.

ಸೃಷ್ಟಿಕರ್ತನಾದವನು ಇಂಥ ಮಾತುಗಳನ್ನು ಕಿವಿಗೆ ಹಾಕಿಕೊಳ್ಳಬಾರದು.

ಹಗಲು ನಾನು ನಗರಸಭೆಯಲ್ಲಿ ಪಾರ್ಕಿಂಗ್ ಫಲಕಗಳ ಕಡತ ನೋಡುವವನು. ಸಂಜೆಯಾದರೆ ಕಂಪ್ಯೂಟರಿನಲ್ಲಿ ಆಟ ಕಟ್ಟುವ ಹುಚ್ಚು. ಈವರೆಗೆ ಕಟ್ಟಿದ ಆರು ಆಟಗಳನ್ನು ಆಡಿದವನು ನಾನೊಬ್ಬನೇ. ಏಳನೆಯದರ ಮೇಲೆ ಮಾತ್ರ ನಮ್ಮ ಇಡೀ ಬೇಸಿಗೆ ನಿಂತಿತ್ತು.

ಅತ್ತೆ ಗುಡ್ರುನ್ ಅವರಿಗೆ ಜೂನ್‌ನಲ್ಲಿ ಎಪ್ಪತ್ತೈದು ತುಂಬುತ್ತಿತ್ತು. ಕಡಲದಂಡೆಯ ಬೇಸಿಗೆ ಮನೆ ಅವರದು. ಡೆನ್ಮಾರ್ಕಿನಲ್ಲಿ ನಾವೆಲ್ಲ ಬದುಕುವುದೇ ವರ್ಷದ ಎಷ್ಟನೇ ವಾರ ಎಂಬ ಲೆಕ್ಕದ ಮೇಲೆ. ಆ ಮನೆ ಯಾರಿಗೆ ಯಾವ ವಾರ ಎಂದು ಅತ್ತೆಯೇ ಬರೆದು ಫ್ರಿಜ್ಜಿಗೆ ಅಂಟಿಸುತ್ತಾರೆ. ಇಪ್ಪತ್ತೊಂಬತ್ತನೇ ವಾರ, ಅಂದರೆ ಜುಲೈ ನಡುಮಧ್ಯ, ಲಿಸ್ಬೆತ್ ಹುಟ್ಟಿದಾಗಿನಿಂದ ಅವಳದು. ಕಳೆದ ಚಳಿಗಾಲಕ್ಕೆ ಮುಂಚೆ ಆ ಮನೆ ಮುಚ್ಚಿ ಬಂದವನು ನಾನು. ನೀರು ಬಂದ್ ಮಾಡುವ ವಾಲ್ವ್ ತಿರುಗಿಸಲು ಮರೆತವನೂ ನಾನೇ. ನೀರು ಹೆಪ್ಪುಗಟ್ಟಿತು, ಪೈಪು ಒಡೆಯಿತು, ಹಲಗೆಯ ನೆಲ ಹಪ್ಪಳದ ಹಾಗೆ ಉಬ್ಬಿತು. ಈ ವರ್ಷದ ಪಟ್ಟಿಯಲ್ಲಿ ಇಪ್ಪತ್ತೊಂಬತ್ತರ ಮುಂದೆ ಬರೀ ಖಾಲಿ ಗೆರೆ. ಅದನ್ನು ನೋಡಿ ಬಂದ ದಿನ ಲಿಸ್ಬೆತ್ ಅತ್ತಿದ್ದಳು.

ಅತ್ತೆಯನ್ನೇ ನಾಯಕಿ ಮಾಡಿ ಆಟ ಕಟ್ಟುವುದು, ಹುಟ್ಟುಹಬ್ಬದ ಊಟದಲ್ಲಿ ಅವರಿಂದಲೇ ಆಡಿಸುವುದು, ಆ ವಾರವನ್ನು ಮರಳಿ ಗೆಲ್ಲುವುದು. ಇದು ನನ್ನ ಹೂಟ.

"ಇಂಟರ್ನೆಟ್ಟಲ್ಲಿ ಉಚಿತವಾಗಿ ಸಿಗೋ ಗೊಂಬೆ ಹಾಕ್ಕೋ" ಅಂದಳು ಲಿಸ್ಬೆತ್. "ನಡಿಯತ್ತೆ, ಓಡತ್ತೆ, ಎಲ್ಲ ರೆಡಿ ಇರತ್ತೆ ಅಂತ ನೀನೇ ಹೇಳಿದ್ದೆ."

"ನಿಮ್ಮಮ್ಮ ಏನು ಉಚಿತವಾಗಿ ಸಿಗೋರಾ?"

"ನಮ್ಮಣ್ಣ ಮೊಗೆನ್ಸ್ ಪ್ರತಿ ಹುಟ್ಟುಹಬ್ಬಕ್ಕೂ ಹಾಡು ಕಟ್ತಾನೆ. ಮಾತು ಅವನದು, ಧಾಟಿ ಯಾವತ್ತೂ ಅದೇ ಹಳೇದು. ಎರವಲು ಧಾಟಿ ಅಂತ ಯಾರಾದ್ರೂ ಊಟ ಬಿಟ್ಟು ಎದ್ದು ಹೋಗಿದಾರಾ?"

"ಮೊಗೆನ್ಸ್ ಹಾಡುಗಾರ. ನಾನು ಕಲಾವಿದ."

"ಮೊಗೆನ್ಸ್‌ಗೆ ಇಪ್ಪತ್ತೆಂಟನೇ ವಾರ ಸಿಕ್ಕಿದೆ. ಕಲಾವಿದರಿಗೆ ಏನು ಸಿಕ್ಕಿದೆ?"

ಗೊಂಬೆ ಎರಡು ಹೆಜ್ಜೆ ಇಡಬೇಕಾದರೆ ಎಂಟು ಚಿತ್ರ ಬರೆಯಬೇಕು. ಅತ್ತೆಯನ್ನು "ಸ್ವಲ್ಪ ನಡೆದು ತೋರಿಸಿ" ಎಂದರೆ ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಲಿಸ್ಬೆತ್‌ಳ ಸ್ಕರ್ಟು ಸುತ್ತಿಕೊಂಡು, ಕೈಚೀಲ ನೇತುಹಾಕಿಕೊಂಡು, ಕಪಾಟಿನಲ್ಲಿ ಫೋನ್ ನಿಲ್ಲಿಸಿ ನಾನೇ ಹಜಾರದುದ್ದಕ್ಕೂ ನಡೆದೆ. ಆ ವಿಡಿಯೋ ನೋಡಿಕೊಂಡು ಬರೆದೆ.

"ಪಕ್ಕದ ಮನೆಯವರು ಕಿಟಕಿಯಿಂದ ನೋಡಿದ್ರಂತೆ. ನಿನ್ನ ಗಂಡ ಆಸ್ಗರ್ ಹುಷಾರಾಗಿದಾನಾ ಅಂತ ಕೇಳಿದ್ರು" ಅಂದಳು ಲಿಸ್ಬೆತ್.

"ಏನಂದೆ?"

"ನಮ್ಮಮ್ಮನ ಥರ ನಡಿಯೋದು ಕಲೀತಿದಾನೆ ಅಂದೆ. ಇನ್ನೂ ಗಾಬರಿಯಾದ್ರು."

ಎಂಟು ಚಿತ್ರಗಳಿಗೆ ಏಪ್ರಿಲ್ ಪೂರ್ತಿ ಹೋಯಿತು. ಮೇ ತಿಂಗಳಲ್ಲಿ ನೋಡುತ್ತೇನೆ, ಮೂರನೇ ಚಿತ್ರದಲ್ಲಿ ಎರಡೂ ಎಡಗಾಲು! ಅದನ್ನು ತಿದ್ದಿದರೆ ನಾಲ್ಕನೆಯದು ಕುಂಟತೊಡಗಿತು. ಅಂತೂ ಜೂನ್ ಬಂದಾಗ ನಾಯಕಿ ನಡೆಯುತ್ತಿದ್ದಳು. ಅವಳನ್ನು ಅಟ್ಟಿಸಿಕೊಂಡು ಹೋಗಲು ಒಂದು ನರಪಿಳ್ಳೆಯೂ ಇರಲಿಲ್ಲ. ಉಳಿದದ್ದು ನಾಲ್ಕೇ ದಿನ. ಲಿಸ್ಬೆತ್ ಅಂಗಡಿಗೆ ಹೋದ ಹೊತ್ತು ನೋಡಿ, ಮಾನ ಮರ್ಯಾದೆ ಬಿಟ್ಟು, ಉಚಿತ ಗೊಂಬೆಗಳ ಕಂತೆಯೊಂದರಿಂದ ಮಾಟಗಾತಿಯೊಬ್ಬಳನ್ನು ಇಳಿಸಿಕೊಂಡೆ. ಏನು ನಡಿಗೆ ಅವಳದು! ನೋಡಿ ಹೊಟ್ಟೆ ಉರಿಯಿತು. ಅವಳ ಚೂಪು ಟೋಪಿ ತೆರೆಯ ಮೇಲಿನ ಅಂಕಗಳನ್ನು ಮುಚ್ಚುತ್ತಿತ್ತೆಂದು ಅಳಿಸಿದೆ. ಪೊರಕೆಯನ್ನೂ ಕಿತ್ತುಕೊಂಡೆ. ಕಂತೆ ಕೊಟ್ಟ ಪುಣ್ಯಾತ್ಮನ ಷರತ್ತು ಒಂದೇ: ಯಾವ ಗೊಂಬೆ ಎಲ್ಲಿಂದ ಬಂತೆಂದು ಆಟ ಮುಗಿದಾಗ ತೆರೆಯ ಮೇಲೆ ಹೇಳಬೇಕು. ನಗರಸಭೆಯವನಿಗೆ ನಿಯಮ ಅಂದರೆ ನಿಯಮ. ದಪ್ಪ ಅಕ್ಷರದಲ್ಲಿ ಬರೆದೆ, ಬರೆದು ಮರೆತೆ.

ಹುಟ್ಟುಹಬ್ಬದ ದಿನ ಮೇಜುಗಳ ತುಂಬ ಪುಟ್ಟ ಬಾವುಟಗಳು, ನಲವತ್ತು ಜನ ನೆಂಟರು. ಮೊಗೆನ್ಸ್ ಹಾಡಿನ ಹಾಳೆ ಹಂಚಿದ. ಹದಿನಾಲ್ಕು ನುಡಿಗಳನ್ನು ಅದೇ ಹಳೇ ಧಾಟಿಯಲ್ಲಿ ಎಲ್ಲರೂ ಹಾಡಿದರು. ಅತ್ತೆ ಕಣ್ಣೊರೆಸಿಕೊಂಡರು. ಆಮೇಲೆ ನಾನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಆಟ ಮೂಡಿಸಿ, ಆಡುವ ಗುಂಡಿಗಳಿದ್ದ ರಿಮೋಟನ್ನು ಅತ್ತೆಯ ಕೈಗೆ ಕೊಟ್ಟೆ.

ಹೊಟ್ಟೆ ಮುಂದೆ ಮಾಡಿಕೊಂಡು, ಪಾದ ಅಗಲಿಸಿಕೊಂಡು, ನಾಯಕಿ ಮರಳ ದಿಬ್ಬದ ಮೇಲೆ ಹೆಜ್ಜೆ ಹಾಕಿದಳು. ಇಡೀ ಮನೆ ಘೊಳ್ಳೆಂದಿತು.

"ಇದು ಆಸ್ಗರ್!" ಎಂದರು ಅತ್ತೆ. "ಸ್ಕರ್ಟ್ ಹಾಕ್ಕೊಂಡಿದಾನೆ. ಅದೇ ಹೊಟ್ಟೆ, ಅದೇ ಬಾತುಕೋಳಿ ನಡಿಗೆ."

ಅಷ್ಟರಲ್ಲಿ ಹಿಂದಿನಿಂದ ಮಾಟಗಾತಿ ಬಂದಳು. ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಅಯ್ಯೋ, ಇವಳು ನಾನು ಕಣ್ರೋ. ನೋಡಿ, ನಮ್ಮಮ್ಮನ ಮೂಗು. ಬೆನ್ನು ಎಷ್ಟು ನೆಟ್ಟಗಿದೆ. ಅಳಿಯನ್ನ ಹೆಂಗೆ ಓಡಿಸ್ತಿದೀನಿ ನೋಡಿ."

ಲಿಸ್ಬೆತ್ ನನ್ನ ಕಡೆ ನೋಡಿದಳು. ನಾನು ಬಾವುಟ ನೋಡಿದೆ.

"ನೀನೇ ಬರೆದಿದ್ದಾ, ಆಸ್ಗರ್?" ಎಂದರು ಅತ್ತೆ.

"ಮೂರು ತಿಂಗಳು ಕೂತಿದ್ದೆ, ಅತ್ತೆ." ಕೂತದ್ದಂತೂ ಸುಳ್ಳಲ್ಲ.

"ಎಲ್ಲರೂ ಹೂದಾನಿ ತಂದ್ರು. ನೀನೊಬ್ಬ ನನ್ನನ್ನ ಇಷ್ಟು ಗಮನಿಸಿದೀಯ." ಅವರು ಮಗಳ ಕಡೆ ತಿರುಗಿದರು. "ಲಿಸ್ಬೆತ್, ಆ ಇಪ್ಪತ್ತೊಂಬತ್ತನೇ ವಾರ ನೀವಿಬ್ರೂ..."

ಸರಿಯಾಗಿ ಆಗಲೇ ಮಾಟಗಾತಿ ನಾಯಕಿಯನ್ನು ಹಿಡಿದಳು. ಆಟ ಮುಗಿಯಿತು. ಗೋಡೆಯ ಮೇಲೆ ಅಕ್ಷರಗಳು ಏರತೊಡಗಿದವು. ಹಾಡಿನ ಗುಂಗಿನಲ್ಲೇ ಇದ್ದ ಮೊಗೆನ್ಸ್ ಎದ್ದು ನಿಂತು ರಾಗವಾಗಿ ಓದಿದ:

"ನಾಯಕಿ ಗುಡ್ರುನ್: ಬರೆದವನು ಆಸ್ಗರ್. ಮುದಿ ಮಾಟಗಾತಿ, ನಂಬರ್ ಮೂರು: ಉಚಿತ ಗೊಂಬೆಗಳ ಕಂತೆಯಿಂದ."

ಕೇಕಿನ ಮೇಲಿದ್ದ ಚಮಚಗಳೆಲ್ಲ ನಿಂತವು.

"ಮಾಟಗಾತಿ" ಅಂದರು ಅತ್ತೆ. ಕನ್ನಡಕ ತೆಗೆದಿಟ್ಟು "ಉಚಿತ" ಅಂದರು. ಎರಡನೆಯದೇ ಹೆಚ್ಚು ನೋವು ಕೊಟ್ಟಂತೆ ಕಂಡಿತು.

"ಅತ್ತೆ, ಅದು ಏನಾಯ್ತು ಅಂದ್ರೆ..."

"ಇಪ್ಪತ್ತೊಂಬತ್ತು ಲಿಸ್ಬೆತ್‌ದು. ಅವಳೊಬ್ಬಳದೇ."

"ಥ್ಯಾಂಕ್ಸ್ ಅಮ್ಮ" ಅಂದಳು ಲಿಸ್ಬೆತ್, ನನ್ನ ಕಡೆ ತಿರುಗಿಯೂ ನೋಡದೆ.

"ನಿನಗೂ ಒಂದು ವಾರ ಕೊಡ್ತೀನಿ, ಆಸ್ಗರ್. ನಲವತ್ತೇಳನೇದು."

ಅಂದರೆ ನವೆಂಬರ್. ಆಗ ಅಲ್ಲಿ ಗಾಳಿ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ.

"ನವೆಂಬರಲ್ಲಿ ಅಲ್ಲಿ ಹೋಗಿ ಏನು ಮಾಡಲಿ, ಅತ್ತೆ?"

"ನೀರು ಬಂದ್ ಮಾಡು. ಆ ಮಾಟಗಾತೀನೂ ಜೊತೇಲಿ ಕರ್ಕೊಂಡು ಹೋಗು. ಅವಳಿಗಾದ್ರೂ ವಾಲ್ವ್ ತಿರುಗಿಸೋಕೆ ಬರಬಹುದು."