ಗೋಡೆಗೆ ಕ್ಯಾಮೆರಾ ಹಿಡಿಸಿದ್ದು

ನಾನು ಜಗಳಗಂಟಿಯಲ್ಲ. ಸರಿಯೆನಿಸಿದ್ದನ್ನು ಬಿಟ್ಟುಕೊಡುವ ಅಭ್ಯಾಸ ಇಲ್ಲ, ಅಷ್ಟೆ. ಈ ಎರಡರ ವ್ಯತ್ಯಾಸವನ್ನು ಮೂವತ್ತು ವರ್ಷ ರಾಮನಗರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನನಗೆ ಸ್ವಂತ ಗಂಡನಿಗೆ ತಿಳಿಸಲಾಗಲಿಲ್ಲ. ನಿವೃತ್ತಳಾಗಿ ಹಗಲೂ ಮನೆಯಲ್ಲಿ ಕೂರತೊಡಗಿದ ಮೇಲೆ ಮಲಗುವ ಕೋಣೆಯಲ್ಲೊಂದು ಗರಗರ ಶಬ್ದ ಕೇಳತೊಡಗಿತು. ಪಕ್ಕದ ರಹಮತ್ ಭಾಯಿಯ ರೇಷ್ಮೆ ನೂಲು ತೆಗೆಯುವ ಘಟಕಕ್ಕೂ ನಮಗೂ ಒಂದೇ ಗೋಡೆ. ಗೂಡು ಬೇಯುವ ವಾಸನೆಗೆ ಈ ಊರಿನಲ್ಲಿ ಯಾರೂ ಮೂಗು ಮುಚ್ಚುವುದಿಲ್ಲ, ನಾನೂ ಮುಚ್ಚಿದವಳಲ್ಲ. ಆದರೆ ಪುಸ್ತಕ ತೆರೆದರೆ ಸಾಕು, ಆ ಯಂತ್ರ ಪುಟದ ಮೇಲೆಯೇ ಓಡುತ್ತಿತ್ತು.

ನಮ್ಮವರು ಮಾಗಡಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಕಿವಿ ಮಂದ. "ನಂಗೇನೂ ಕೇಳ್ಸಾಕಿಲ್ಲ ಕಣೆ. ಶಬ್ದ ನಿನ್ ತಲೇಲಿ ಐತೆ" ಎಂದರು. ಈ ಮಾತಿಗೆ ಸುಮ್ಮನಿರುವುದು ಹೇಗೆ? ಕಿಟಕಿಗಳಿಗೆ ರಬ್ಬರ್ ಪಟ್ಟಿ ಅಂಟಿಸಿದೆ, ಬಾಗಿಲಿಗೆ ದಪ್ಪ ಪರದೆ ಕಟ್ಟಿದೆ. ಗರಗರ ನಿಲ್ಲಲಿಲ್ಲ. ಕೊನೆಗೆ ಘಟಕ ಮುಚ್ಚಿಸಬೇಕೆಂದು ನಗರಸಭೆಗೆ ನಾಲ್ಕು ಪುಟದ ಅರ್ಜಿ ಬರೆದೆ. ಬೆನ್ನ ಹಿಂದೆ ದೂರು ಕೊಡುವುದು ನನ್ನ ಸ್ವಭಾವವಲ್ಲವಾದ್ದರಿಂದ ಮೊದಲು ರಹಮತ್ ಭಾಯಿಯ ಮುಂದೆಯೇ ನಿಂತು ಓದಿದೆ.

ಅವರು ಒದ್ದೆ ಕೈ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡರು. "ಅರ್ಜಿ ಚೆನ್ನಾಗೈತೆ ಟೀಚರಮ್ಮ. ಆದ್ರೆ ಮಿಷನ್ ನಿಂತ್ರೆ ನಾವು ಏಳು ಜನ ಎಲ್ಲಿಗೋಗಾನ? ನಮ್ ಅಳಿಯನ ತಾವ ಬಿಸಿ ತೋರ್ಸೋ ಕ್ಯಾಮೆರಾ ಐತೆ. ಶಬ್ದ ಎಲ್ಲಿ ತೂರ್ತದೆ ಅಂತ ಒಸಿ ನೋಡ್ಬುಡ್ಲಿ. ಆಮೇಲೆ ಕೊಡೀರಂತೆ."

ಅಳಿಯ ಸಲೀಂ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಾದ ವೈರುಗಳನ್ನು ಆ ಕ್ಯಾಮೆರಾದಿಂದಲೇ ಪತ್ತೆಮಾಡುವವನು. ಭಾನುವಾರ ಬೆಳಿಗ್ಗೆ ಮಾವನ ಜೊತೆ ಬಂದ. "ಗಾಳಿ ನುಗ್ಗೋ ಕಡೆ ಶಬ್ದಾನೂ ನುಗ್ತದೆ ಆಂಟಿ. ಆ ಕಡೆ ಗೂಡು ಬೇಯ್ಸೋ ಬಿಸಿ, ಈ ಕಡೆ ತಣ್ಣಗೆ. ಸಂದು ಇದ್ರೆ ಕೆಂಪಗೆ ಕಾಣ್ತದೆ" ಎಂದ. ಕ್ಯಾಮೆರಾದಲ್ಲಿ ನನ್ನ ಕಿಟಕಿಗಳೆಲ್ಲ ಅಚ್ಚ ನೀಲಿ. ನಾನು ಬೀಗಿದೆ. ನಡುವೆ ಬಂದು ನಿಂತ ನಮ್ಮವರ ಬೋಳುತಲೆ ಕೆಂಪಗೆ ಬೆಳಗಿತು. "ಸೋರ್ತಿರೋದು ಇಲ್ಲೇ, ಬರ್ಕೊಳ್ಳಪ್ಪ" ಎಂದೆ.

ಆದರೆ ಸಲೀಂ ಅಲ್ಮೇರದ ಮುಂದೆ ನಿಂತುಬಿಟ್ಟ. ಕ್ಯಾಮೆರಾದ ಪರದೆಯಲ್ಲಿ ಅಲ್ಮೇರದ ಅಂಚಿನುದ್ದಕ್ಕೂ ಬೆಂಕಿ ಹತ್ತಿದಂತಿತ್ತು. ಗೃಹಪ್ರವೇಶದಿಂದ ಕದಲಿಸದ ಅಲ್ಮೇರ, ಅದರ ಹಿಂದೆ ಗೋಡೆಯಲ್ಲದೆ ಇನ್ನೇನಿದೆ ಎಂದು ವಾದಿಸಿದೆ. ನಾಲ್ವರೂ ಸೇರಿ ಸರಿಸಿದೆವು. ಹಿಂದೆ ಅಂಗೈಯಗಲದ ತೂತು. ಮನೆ ಕಟ್ಟುವಾಗ ಕೆಲಸದವರು ಹತ್ತಿ ನಿಲ್ಲುವ ಸಾರುವೆಯ ಗಳ ಸಿಕ್ಕಿಸಲು ಬಿಟ್ಟಿದ್ದು.

"ತೂತು ಮುಚ್ಚಾದ್ ಮೇಲೆ ಇಡ್ರವ್ವ ಅಂತ ಮೇಸ್ತ್ರಿ ಬಡ್ಕೊಂಡ. ನೀನೇ ಕೇಳ್ನಿಲ್ಲ" ಎಂದರು ನಮ್ಮವರು. ಮೇಸ್ತ್ರಿ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಎಂದೆ.

ಅಷ್ಟರಲ್ಲಿ ತೂತಿನೊಳಗಿಂದ ರಹಮತ್ ಭಾಯಿಯ ಹೆಂಡತಿ ಮುಮ್ತಾಜಳ ಮೆಲುದನಿ, ಕಿವಿಯ ಪಕ್ಕದಲ್ಲೇ ನಿಂತು ಆಡಿದಷ್ಟು ಸ್ಪಷ್ಟವಾಗಿ ಬಂತು: "ಸಿಕ್ತಾ ಟೀಚರಮ್ಮ?"

ನನ್ನದು ಕೊನೆಯ ಬೆಂಚಿಗೆ ಮುಟ್ಟುವ ಗಂಟಲು. ಮನೆಯಲ್ಲಿ ಮಂದಗಿವಿಯ ಗಂಡನಿಗೆ ಮುಟ್ಟಿಸಲು ಇನ್ನೂ ಏರಿಸಿದ್ದು. ಈ ಕೋಣೆಯಲ್ಲಿ ಕೂತು ಪಕ್ಕದ ಮನೆಯವರ ಬಗ್ಗೆ ನಾನು ಆಡದೆ ಬಿಟ್ಟ ಮಾತಿಲ್ಲ. "ಈ ಕಡೆ ಮಾತು ನಿಮಗೆ ಕೇಳಿಸ್ತಿತ್ತಾ?" ಎಂದೆ.

"ದಿನಾ ಕೇಳ್ತದೆ. ಕಿಟಕೀಲಿ ಬತ್ತೈತೆ ಅಂದ್ಕೊಂಡಿದ್ವಿ. ಅರ್ಜಿ ಬರ್ದು ನಿಮ್ ಯಜಮಾನ್ರಿಗೆ ಓದಿ ಹೇಳಿದ್ರಲ್ಲ, ಆವತ್ತು ಮಿಷನ್ ನಿಲ್ಸಿ ಪೂರ್ತಿ ಕೇಳಿದ್ವಿ."

ರಹಮತ್ ಭಾಯಿ ಗಂಭೀರವಾಗಿ ಫ್ಯಾನ್ ನೋಡುತ್ತಿದ್ದರು.

ಎರಡೂ ಕಡೆಯಿಂದ ಇಟ್ಟಿಗೆ, ಸಿಮೆಂಟು ಬಿತ್ತು. ಗರಗರ ನಿಂತಿತು. ಅರ್ಜಿ ಕೊಡಲಿಲ್ಲ. ಹಾಗೆಂದು ಸೋತೆನೆಂದು ಯಾರೂ ತಿಳಿಯಬಾರದು. ಶಬ್ದ ನನ್ನ ತಲೆಯಲ್ಲಿರಲಿಲ್ಲವೆಂದು ನಮ್ಮವರ ಬಾಯಿಂದ ಎರಡು ಸಲ ಹೇಳಿಸಿದ್ದೇನೆ. ಕ್ಷಮೆಯನ್ನೂ ಕೇಳಿಲ್ಲ, ಆಡಿದ್ದರಲ್ಲಿ ಬಹುಪಾಲು ನಿಜವೇ ಇತ್ತು. ಪಕ್ಕದ ಮನೆಯವರ ಬಗ್ಗೆ ಏನಾದರೂ ಹೇಳುವುದಿದ್ದರೆ ಇನ್ನು ಮುಂಬಾಗಿಲಿನಿಂದಲೇ ಹೋಗಿ ಹೇಳಬೇಕೆಂದು ನಿಶ್ಚಯಿಸಿ ಮೂರು ಸಲ ಹೋಗಿ ಬಂದೆ. ಪ್ರತಿ ಸಲವೂ ಮುಮ್ತಾಜ್ ಚಹಾ ಕೊಟ್ಟು, ಎದುರಿಗೆ ಕೂತು, "ಹೇಳಿ ಟೀಚರಮ್ಮ" ಎನ್ನುತ್ತಾಳೆ. ಮುಖ ನೋಡಿಕೊಂಡು ಹೇಳುವಂಥದ್ದು ನನ್ನ ಬಳಿ ಒಂದೂ ಇಲ್ಲವೆಂಬುದು ಆಗ ಗೊತ್ತಾಗುತ್ತದೆ. ಆದರೂ ಹೋಗುವುದನ್ನು ಬಿಟ್ಟಿಲ್ಲ.